ಸೈಕಲ್ ಬಿಷಪ್ಪರ ಹೆಸರು

"ಹೇಳು, ಈಗ ನಮ್ಮ ಬಿಷಪ್ ಯಾರು?"

ಗಡ್ಡ ಹೆರೆದುಕೊಳ್ಳುತ್ತಿದ್ದ ತಮ್ಮ ಕನ್ನಡಿಯಲ್ಲೇ ನನ್ನನ್ನು ನೋಡಿದ. "ಬೆಳಬೆಳಗ್ಗೆ ಇದೇನಕ್ಕ ಪರೀಕ್ಷೆ?" ಎಂದು ಗೊಣಗಿ, ಹೊಸ ಬಿಷಪ್ಪರ ಹೆಸರನ್ನು ಸರಿಯಾಗಿಯೇ ಹೇಳಿದ. ಕಾಫಿ ಕುಡಿದ ಮೇಲೆ ಮತ್ತೆ ಕೇಳಿದೆ. ಹಳಬರ ಹೆಸರು ಬಂತು.

ನನ್ನ ತಮ್ಮ ಈ ಹೊಳೆದಂಡೆಯ ಚರ್ಚಿನ ಪಾದ್ರಿ. ಅವನ ಮನೆ ನೋಡಿಕೊಳ್ಳುವವಳು ನಾನು, ಮದುವೆ ಗಿದುವೆ ಇಲ್ಲದೆ ಉಳಿದ ಅಕ್ಕ. ಕೆಲವು ತಿಂಗಳಿಂದ ಅವನಿಗೆ ಮರೆವು. ಮೊನ್ನೆ ಚರ್ಚಿನ ಬೀಗದ ಕೈ ಹಾಲಿನ ಪಾತ್ರೆಯಲ್ಲಿ ಸಿಕ್ಕಿತು. ಇದು ನನ್ನನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ. ಗೊತ್ತಾದರೆ ಅವನನ್ನು ವಯಸ್ಸಾದ ಪಾದ್ರಿಗಳ ಆಶ್ರಮಕ್ಕೆ ಕಳಿಸುತ್ತಾರೆ, ಅಲ್ಲಿ ಅಕ್ಕಂದಿರಿಗೆ ಜಾಗವಿಲ್ಲ. ಅವನ ಅಂಗಿಗೆ ಗುಂಡಿ ಹಾಕುವವರು ಯಾರು?

ಇಷ್ಟರ ನಡುವೆ ದೊಡ್ಡವರಿಗೆ ಗಡಿ ಎಳೆಯುವ ಹುಚ್ಚು. ನಮ್ಮ ಚರ್ಚು ಇದ್ದಲ್ಲಿಂದ ಒಂದು ಗೇಣೂ ಅಲುಗಿಲ್ಲ, ಅದರ ಧರ್ಮಪ್ರಾಂತ್ಯ, ಅಂದರೆ ಬಿಷಪ್ಪರ ಆಡಳಿತದ ಸೀಮೆ, ಮಾತ್ರ ಬದಲಾಗುತ್ತಲೇ ಇದೆ. ಹಿಂದೆ ಹೊಳೆಯ ಎರಡೂ ದಂಡೆಗೆ ಒಬ್ಬರೇ ಬಿಷಪ್. ಸೈಕಲ್ ತುಳಿದುಕೊಂಡು ಊರೂರು ಸುತ್ತುತ್ತಿದ್ದರು, ಅದಕ್ಕೇ ಅವರು ಸೈಕಲ್ ಬಿಷಪ್. ನನ್ನ ತಮ್ಮನಿಗೆ ದೀಕ್ಷೆ ಕೊಟ್ಟವರೂ ಅವರೇ. ಅವರು ತೀರಿಕೊಂಡ ಮೇಲೆ ಪ್ರಾಂತ್ಯ ತೀರಾ ದೊಡ್ಡದಾಯಿತೆಂದು ಹೊಳೆಯನ್ನೇ ಗಡಿ ಮಾಡಿ ಇಬ್ಬರಿಗೆ ಹಂಚಿದರು. ರೈಲು ಬಂದ ಮೇಲೆ ಗಡಿ ಹಳಿಗೆ ಸರಿಯಿತು, ನಾವು ಆಚೆಯವರ ಪಾಲಾದೆವು. ಈಗ ಮೂರನೆಯ ಪ್ರಾಂತ್ಯ ಹುಟ್ಟಿದೆ, ನಾವು ಅದಕ್ಕೆ ಸೇರಿದ್ದೇವೆ. ಊರಿನ ಅರ್ಧ ಜನಕ್ಕೆ ಹೊಸ ಬಿಷಪ್ ಬೇಕು, ಪೇಟೆ ಹತ್ತಿರವಂತೆ. ಇನ್ನರ್ಧ ಜನಕ್ಕೆ ಹಳಬರೇ ಬೇಕು, ಹೆತ್ತವರ ಸಮಾಧಿ ಆ ಕಡೆ ಇದೆಯಂತೆ. ಬೇಕರಿಯವನೂ ದರ್ಜಿಯೂ ಚರ್ಚಿನ ಬಾಗಿಲಲ್ಲೇ ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದುಕೊಂಡಿದ್ದರು. ಥೂ, ನಾಚಿಕೆಗೆಟ್ಟವರು!

ಚರ್ಚಿನ ಬಲಿಪೂಜೆಯಲ್ಲಿ ಪಾದ್ರಿ ತನ್ನ ಧರ್ಮಾಧ್ಯಕ್ಷರ, ಅಂದರೆ ಬಿಷಪ್ಪರ, ಹೆಸರು ಹೇಳಿ ಪ್ರಾರ್ಥಿಸಬೇಕು. ಈ ಭಾನುವಾರ ಹೊಸ ಬಿಷಪ್ಪರ ಕಾರ್ಯದರ್ಶಿಯಾದ ಪಾದ್ರಿಯೇ ಬಂದು ಮುಂದೆ ಕೂತರು. ಹಳೇ ಹೆಸರು ಬಂದರೆ ಹಠ ಎನ್ನುತ್ತಾರೆ, ಏನೂ ಬಾರದಿದ್ದರೆ ಮರೆವು ಎನ್ನುತ್ತಾರೆ. ಎರಡಕ್ಕೂ ಆಶ್ರಮವೇ ಗತಿ.

ನಾನೇನು ಕಡಿಮೆಯೇ? ಹೊಸ ಹೆಸರನ್ನು ದಪ್ಪಕ್ಷರದಲ್ಲಿ ಬರೆದು ಪೂಜೆಯ ಪುಸ್ತಕದೊಳಗೆ ಇಟ್ಟು ಬಂದಿದ್ದೆ. ಮಹಾರಾಯ ಪುಟ ತಿರುವಿದವನು ಆ ಚೀಟಿಯನ್ನು ತೆಗೆದು, ನಾಲ್ಕು ಮಡಿಕೆ ಮಾಡಿ, ಅಲುಗುತ್ತಿದ್ದ ಮೇಣದಬತ್ತಿ ಕಂಬದ ಅಡಿಗೆ ಸಿಕ್ಕಿಸಿದ. ಕಂಬ ನೆಟ್ಟಗೆ ನಿಂತಿತು.

"ನಮ್ಮ ಧರ್ಮಾಧ್ಯಕ್ಷರಾದ..." ಎಂದು ಹೇಳಿ ಅವನು ನಿಂತುಬಿಟ್ಟ.

ಬೇಕರಿಯವನು ಕತ್ತು ಚಾಚಿದ. ದರ್ಜಿ ಕೆಮ್ಮಿದ. ಕಾರ್ಯದರ್ಶಿ ತಲೆ ಎತ್ತಿದರು. ನಾನು ಮುಂದಿನ ಬೆಂಚಿನಿಂದ ತುಟಿ ಅಲ್ಲಾಡಿಸಿ ಹೆಸರು ಹೇಳಿಕೊಟ್ಟೆ, ಅವನು ನನ್ನ ಕಡೆ ನೋಡಲಿಲ್ಲ. ದೇವರೇ, ಒಂದೇ ಒಂದು ಹೆಸರಪ್ಪಾ, ಕೊಟ್ಟುಬಿಡು ಎಂದು ಬೇಡಿಕೊಂಡೆ.

ತಮ್ಮನ ಮುಖ ಅರಳಿತು. ಗಟ್ಟಿಯಾಗಿ, ಸ್ಪಷ್ಟವಾಗಿ ಹೆಸರು ಹೇಳಿದ. ಅದು ಸೈಕಲ್ ಬಿಷಪ್ಪರ ಹೆಸರು.

ಹಿಂದೆ ಒಬ್ಬ ಅಜ್ಜಿ ಬಿಕ್ಕಿದಳು. ಅಲ್ಲಿದ್ದ ಎಲ್ಲರ ಹೆತ್ತವರ ತಲೆ ಮೇಲೂ ಕೈಯಿಟ್ಟು ಹರಸಿದವರು ಅವರು. ದರ್ಜಿ ಬೇಕರಿಯವನನ್ನು ನೋಡಿದ, ಬೇಕರಿಯವನು ನೆಲ ನೋಡಿದ. ಪೂಜೆ ಮುಗಿದು ಹೊರಗೆ ಬರುವಾಗ ಇಬ್ಬರೂ ಆ ಬಿಷಪ್ಪರ ಸೈಕಲ್ಲಿನ ಗಂಟೆಯ ಬಗ್ಗೆ ಮಾತಾಡುತ್ತಿದ್ದರು.

ಕಾರ್ಯದರ್ಶಿ ನನ್ನ ಕೈ ಹಿಡಿದುಕೊಂಡರು. "ಎಂಥಾ ಜಾಣರಮ್ಮಾ ನಿಮ್ಮ ತಮ್ಮ! ಗಡಿಗಳು ಹುಟ್ಟೋಕೆ ಮುಂಚಿನ ಹೆಸರು ತಂದು ಎರಡೂ ಕಡೆಯವರ ಬಾಯಿ ಮುಚ್ಚಿಸಿಬಿಟ್ರು. ಬಿಷಪ್ಪರಿಗೆ ಹೇಳ್ತೀನಿ, ಇವರು ಇಲ್ಲೇ ಇರ್ಬೇಕು."

"ಹೌದು ಫಾದರ್, ಅವನು ಮೊದಲಿಂದಲೂ ಹಾಗೇ" ಎಂದೆ. ನಗಬೇಕೆಂದು ನಕ್ಕೆ.

ಕಾರು ಹೋಯಿತು. ಗೆದ್ದೆ ಎಂದುಕೊಂಡು ಮನೆಗೆ ಬಂದೆ. ತಮ್ಮ ಊಟದ ಮೇಜಿನ ಮೇಲೆ ಮೂರು ತಟ್ಟೆ ಜೋಡಿಸಿದ್ದ. ಹೊಸ ಟವೆಲ್ ಒಂದನ್ನು ತೋಳಿಗೆ ಹಾಕಿಕೊಂಡು, ಬಾಗಿಲ ಕಡೆಯೇ ನೋಡುತ್ತಾ ನಿಂತಿದ್ದ.

"ಅಕ್ಕಾ, ಬಿಷಪ್ಪರು ಕೈಕಾಲು ತೊಳೀತಿದ್ದಾರೆ. ಅಷ್ಟರಲ್ಲಿ ಅವರ ಸೈಕಲ್ ನೆರಳಿಗೆ ಇಡು. ಬಿಸಿಲಿಗೆ ಟೈರ್ ಹಾಳಾಗುತ್ತೆ."

ನಾನು ಹೊರಗೆ ಹೋದೆ. ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತು, ಕಣ್ಣು ಒರೆಸಿಕೊಂಡು ಒಳಗೆ ಬಂದೆ.

"ಇಟ್ಟೆ ಕಣೋ" ಎಂದೆ.