ಮೀನು ಮುಟ್ಟಿದ ಕೈ

"ಎರಡ ಬೆರಳ ಮುರೀರಿ ಅತ್ತಾಗ. ಸತ್ತಾಂವಗ ಏನ್ ನೋವ ಅಕ್ಕೈತಿ?" ಎನ್ನುತ್ತ ಶಿವಪುತ್ರ ಸತ್ತ ಅಣ್ಣನ ಎಡಗೈ ಹಿಡಿದು ಮತ್ತೊಮ್ಮೆ ಜಗ್ಗಿದ. ಮುಷ್ಟಿ ಬಿಚ್ಚಲಿಲ್ಲ.

ಇಳಕಲ್ಲಿನ ಆ ಮನೆಯ ಪಡಸಾಲೆಯಲ್ಲಿ ನೇಕಾರ ನಾಗಲಿಂಗಪ್ಪನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ವಿಭೂತಿ ಹಚ್ಚಿ, ಹಾರ ಹಾಕಿ ಆಗಿತ್ತು. ಹೊಲದಲ್ಲಿ ಕುಣಿಯೂ ತಯಾರಿತ್ತು. ಎಡ ಅಂಗೈಯಲ್ಲಿ ಅವನ ಕೊರಳ ಇಷ್ಟಲಿಂಗವಿಟ್ಟು ಮಣ್ಣು ಮಾಡುವುದಷ್ಟೇ ಬಾಕಿ. ಆದರೆ ಮೂರು ವರ್ಷದ ಹಿಂದೆ ಲಕ್ವಾ ಹೊಡೆದಾಗ ಮುಚ್ಚಿಕೊಂಡ ಕೈ ಅದು. ಬದುಕಿದ್ದಾಗ ನಾಗಲಿಂಗಪ್ಪನ ಮಾತನ್ನೇ ಕೇಳದ ಕೈ ಈಗ ಈ ಶಿವಪುತ್ರನ ಮಾತು ಕೇಳೀತೇ?

"ಬಿಡ್ರಿ ಕಾಕಾ, ನಾ ಬಿಚ್ತೇನಿ," ಎಂದಳು ಮಗಳು ಶೀಲಾ.

"ದೂರ ನಿಲ್ಲ! ಮೀನ ಮುಟ್ಟೂ ಕೈಲೆ ಲಿಂಗ ಮುಟ್ತಿ?"

ನೆರೆದವರು ಹೌದಹೌದೆಂದು ತಲೆಯಾಡಿಸಿದರು. ಥೂ, ಎಂಥ ತಲೆಗಳು! ಶೀಲಾ ಬಾಗಲಕೋಟೆಯ ಫಾರ್ಮಸಿ ಕಾಲೇಜಿನಲ್ಲಿ ಮೀನು ಸಾಕುತ್ತಾಳೆಂದು ತಿಳಿದ ಮೇಲೆ ಈ ಮನೆಯಲ್ಲಿ ಒಂದು ಗುಟುಕು ನೀರನ್ನೂ ಕುಡಿಯದ ಶುದ್ಧಾತ್ಮರು ಇವರು. ಇವರಿಗೆಲ್ಲ ಮುಂದಾಳು ಶಿವಪುತ್ರ. ಆಲಮಟ್ಟಿ ದಾರಿಯ ಧಾಬಾದಲ್ಲಿ ಕೊರಳ ಲಿಂಗವನ್ನು ಬೆನ್ನಿಗೆ ಸರಿಸಿಕೊಂಡು ಹುರಿದ ಮೀನಿನ ಮುಳ್ಳು ಚೀಪುವ ಮಹಾಶಯ. ಊರಿಗೆಲ್ಲ ಗೊತ್ತು, ಬಾಯಿ ಬಿಡುವ ಗಂಡಸು ಮಾತ್ರ ಒಬ್ಬನೂ ಇಲ್ಲ.

* * *

ಮೊದಮೊದಲು ಅಪ್ಪನೂ ಕಡಿಮೆ ಬೈದವನಲ್ಲ. "ಮೀನಿಗೆ ಲಕ್ವಾ ಹೊಡಿಸಿ ನನಗ ಔಷಧ ಹುಡುಕ್ತಾಳಂತ, ಶಾಣ್ಯಾಕಿ!" ಎಂದು ಹೀಯಾಳಿಸುತ್ತಿದ್ದ. ಒಮ್ಮೆ ಬಾಗಲಕೋಟೆಯ ದವಾಖಾನೆಗೆ ಬಂದವನು, "ನಡಿ, ಅದೇನ ಮಾಡ್ತಿ ನೋಡೇ ಬಿಡೂಣು," ಎಂದು ಕೋಲೂರಿಕೊಂಡು ಲ್ಯಾಬಿಗೇ ಬಂದ.

ಗಾಜಿನ ತೊಟ್ಟಿಯಲ್ಲಿ ಬೆರಳುದ್ದವೂ ಇಲ್ಲದ, ನೀಲಿ ಪಟ್ಟೆಯ ಜೀಬ್ರಾ ಮೀನುಗಳಿದ್ದವು. ನೀರಿನಲ್ಲಿ ಆಮ್ಲಜನಕ ಕಡಿಮೆ ಮಾಡಿದರೆ ಲಕ್ವಾದಲ್ಲಿ ಆಗುವ ಹಾಗೆ ಅವುಗಳ ಮಿದುಳಿಗೂ ಪೆಟ್ಟು ಬೀಳುತ್ತದೆ, ಆಮೇಲೆ ಔಷಧ ಕೊಟ್ಟು ಯಾವುದು ನೆಟ್ಟಗೆ ಈಜುತ್ತದೆಂದು ನೋಡುತ್ತೇವೆ, ಎಂದು ಶೀಲಾ ವಿವರಿಸಿದಳು. ಒಂದು ಮೀನು ಪಕ್ಕಕ್ಕೆ ವಾಲಿಕೊಂಡು ನಿಂತಲ್ಲೇ ಸುತ್ತುತ್ತಿತ್ತು. ಅಪ್ಪನ ಕಣ್ಣು ಅದರ ಮೇಲೆಯೇ ನಿಂತಿತು.

"ಏಳಲೇ ಹೇಡಿ! ನನ್ನಂಗ ಯಾಕ ವಾಲ್ತಿ?" ಎಂದು ಗಾಜಿಗೆ ಗದರಿದ. ಆಮೇಲೆ ಮೆಲ್ಲಗೆ ಕೇಳಿದ, "ಈ ಔಷಧ ನನಗ ಸಿಗತೈತೇನು?"

"ಇಲ್ಲಪ್ಪ. ಮೀನಿನಾಗ ಗೆದ್ರೂ ಮಂದಿಗೆ ಮುಟ್ಟಾಕ ಭಾಳ ವರ್ಷ ಬೇಕು. ಮುಟ್ಟದನ ಇದ್ರೂ ಇರಬಹುದು."

"ನೀ ಒಬ್ಬಾಕಿ ಖರೆ ಹೇಳಿದಿ ನೋಡು. ಉಳಿದ ಭಾಡ್ಯಾಗೋಳೆಲ್ಲ 'ನಾಳೆ ಆರಾಮ ಅಕ್ಕೀರಿ' ಅಂತಾರ."

ಅಂದಿನಿಂದ ಅವಳು ಊರಿಗೆ ಬಂದಾಗಲೆಲ್ಲ ಆ ಕೈಯನ್ನು ಅವಳ ಮಡಿಲಲ್ಲಿಡುತ್ತಿದ್ದ. "ನಿನ್ನ ಮೀನಿನ ಕೈಲೇನ ತಿಕ್ಕವಾ," ಎನ್ನುತ್ತಿದ್ದ. ಅವಳು ಎಣ್ಣೆ ಹಚ್ಚಿ ಮಣಿಕಟ್ಟನ್ನು ಒಳಗೆ ಬಾಗಿಸಿ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ಮಣಿಕಟ್ಟು ನೆಟ್ಟಗಾದೊಡನೆ ಅವು ಮತ್ತೆ ಮಡಿಚಿಕೊಳ್ಳುತ್ತಿದ್ದವು.

* * *

ಶಿವಪುತ್ರ ಮಗ್ಗದ ಮೂಲೆಯಿಂದ ಒಂದು ಕಟ್ಟಿಗೆ ತಂದು ಮುಷ್ಟಿಯೊಳಗೆ ತೂರಿಸಲು ನೋಡಿದ. ಆಗ ನೀಲಾಬಾಯಿ ಎದ್ದಳು. ಗಂಡನ ಹೆಣದ ಪಕ್ಕದಲ್ಲಿ ಮುಂಜಾನೆಯಿಂದ ಕೂತೇ ಇದ್ದವಳು.

"ಧಾಬಾದಾಗ ಮೀನ ತಿಂದ ನಿನ್ನ ಕೈ ನಡೀತೈತಿ, ನನ್ನ ಮಗಳ ಕೈ ನಡಿಯೂದಿಲ್ಲೇನು? ಸರಿ ಅತ್ತಾಗ!"

ಶಿವಪುತ್ರ ಕಟ್ಟಿಗೆ ಅಲ್ಲೇ ಬಿಟ್ಟು ಬಾಗಿಲಿಗೆ ಸರಿದ. ಶುದ್ಧಾತ್ಮರೆಲ್ಲ ಒಮ್ಮೆಗೇ ತೊಲೆ ಎಣಿಸತೊಡಗಿದರು. ಕ್ರಿಯೆ ಮಾಡಿಸಲು ಬಂದಿದ್ದ ಮಠದ ಅಯ್ಯನವರು ಕೆಮ್ಮಿ, "ಹೊತ್ತಾತು, ಬಾರವಾ," ಎಂದು ಲಿಂಗವನ್ನು ಶೀಲಾಳ ಕೈಗೆ ಕೊಟ್ಟರು.

ಅವಳು ಅಪ್ಪನ ಮುಂದೆ ಕೂತು ಎಣ್ಣೆ ಹಚ್ಚಿದಳು. ಅವಸರ ಮಾಡದೆ ತಿಕ್ಕಿ, ಮಣಿಕಟ್ಟನ್ನು ಒಳಗೆ ಬಾಗಿಸಿದಳು. ಬೆರಳುಗಳು ಸಡಿಲಾದವು. ಅಂಗೈಯಲ್ಲಿ ಲಿಂಗವಿಟ್ಟು, ಅದು ಜಾರದಂತೆ ತನ್ನ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಮಣಿಕಟ್ಟನ್ನು ಮೊದಲಿನಂತೆ ನೆಟ್ಟಗೆ ಮಾಡಿದಳು. ಬೆರಳುಗಳು ಒಂದರ ಹಿಂದೊಂದು ಮಡಿಚಿಕೊಂಡವು.

"ಆತಲ್ಲ, ಇನ್ನ ಕೈ ತಗಿ," ಎಂದ ಶಿವಪುತ್ರ, ಬಾಗಿಲಿನಿಂದಲೇ.

ಶೀಲಾ ಮೆಲ್ಲಗೆ ಎಳೆದು ನೋಡಿದಳು. ಲಿಂಗದ ಜೊತೆ ಅವಳ ಹೆಬ್ಬೆರಳೂ ಅಪ್ಪನ ಮುಷ್ಟಿಯೊಳಗೇ ಉಳಿದಿತ್ತು.