ಬಾಮೈದನಿಗೆ ತೆರೆಯದ ಫೋಲ್ಡರ್

ಕರಪತ್ರದ ಮಾದರಿ ನನ್ನ ಮೇಜಿಗೆ ಬಂದಾಗ ಮೊದಲು ಕಣ್ಣಿಗೆ ಬಿದ್ದದ್ದು ಗಲ್ಲದ ಮೇಲಿನ ಮಚ್ಚೆ. ಕಣ್ಣುಗಳ ಮೇಲೆ ಕಪ್ಪು ಪಟ್ಟಿ ಎಳೆದಿದ್ದರು. ಆದರೂ ಆ ಮಚ್ಚೆ, ಹಲ್ಲಿಲ್ಲದೆ ಒಳಗೆ ಸೇರಿಹೋದ ಆ ತುಟಿ ನನ್ನ ಚಿಕ್ಕಮ್ಮನದೇ. ಕೆಳಗೆ ದಪ್ಪಕ್ಷರದಲ್ಲಿ 'ಚಿಕಿತ್ಸೆಗೆ ಮೊದಲು' ಎಂದಿತ್ತು.

ಹಲ್ಲಿನ ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಕೂತು ರೋಗಿಗಳನ್ನು ಒಳಗೆ ಕಳಿಸುವವಳು ನಾನು. ಹಲ್ಲು ಕೀಳಿಸಿಕೊಂಡ ಮೇಲೆ ಚಿಕ್ಕಮ್ಮ ಬಾಯಿಗೆ ಕರವಸ್ತ್ರ ಹಿಡಿಯದೆ ಯಾರೊಂದಿಗೂ ಮಾತಾಡಿದವಳಲ್ಲ. "ಡಾಕ್ಟರ್ ಬಿಟ್ರೆ ಯಾರೂ ನೋಡಲ್ಲ ಚಿಕ್ಕಮ್ಮ, ನನ್ನಾಣೆ" ಎಂದು ನಾನೇ ಹೇಳಿ ಅವಳನ್ನು ಕ್ಯಾಮೆರಾ ಮುಂದೆ ಕೂರಿಸಿದ್ದೆ.

ನಮ್ಮಲ್ಲಿ ರೋಗಿಗಳ ಫೋಟೋ, ಎಕ್ಸ್‌ರೇ ಎಲ್ಲವೂ ಒಂದು ಕಪ್ಪು ಸ್ಟೋರೇಜ್ ಪೆಟ್ಟಿಗೆಯಲ್ಲಿರುತ್ತವೆ. ಯಾವ ಕಂಪ್ಯೂಟರಿನಿಂದ ಬೇಕಾದರೂ ಅದನ್ನು ತೆರೆಯಬಹುದು. ಒಳಹೋಗಲು ಎಲ್ಲರಿಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಅದನ್ನೂ ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿದ್ದರು. ಬೇರೆ ಬೇರೆ ಮಾಡೋಣವೇ ಎಂದು ಹಿಂದೆಯೇ ಕೇಳಿದ್ದೆ. "ನಾವೆಲ್ಲ ಒಂದು ಮನೆಯವರ ಹಾಗೆ. ಮನೆಯೊಳಗೆ ಬೀಗ ಯಾಕಮ್ಮ?" ಎಂದು ಡಾಕ್ಟರ್ ನಕ್ಕಿದ್ದರು. ನನ್ನದು ಸಂಜೆಯ ಕಂಪ್ಯೂಟರ್ ತರಗತಿಯಲ್ಲಿ ಕಲಿತ ವಿದ್ಯೆ. ನಾನೇ ಅತಿ ಮಾಡುತ್ತಿದ್ದೇನೇನೋ ಎಂದು ಸುಮ್ಮನಾಗಿದ್ದೆ.

ಈಗ ಸುಮ್ಮನಿರಲಾಗಲಿಲ್ಲ. ಊಟದ ಬಿಡುವಿನಲ್ಲಿ ಒಬ್ಬೊಬ್ಬರಿಗೂ ಬೇರೆ ಹೆಸರು ಮಾಡಿದೆ. ಡಾಕ್ಟರಿಗೆ ಎಲ್ಲವೂ, ನರ್ಸಿಗೆ ಎಕ್ಸ್‌ರೇ, ನನಗೆ ಭೇಟಿಯ ಸಮಯಗಳು ಮಾತ್ರ. ಜಾಹೀರಾತು ನೋಡಿಕೊಳ್ಳುವ, ಈ ಕರಪತ್ರ ಮಾಡಿದ ಡಾಕ್ಟರ ಬಾಮೈದನಿಗೆ ಕ್ಲಿನಿಕ್ಕಿನ ಲಾಂಛನವಿರುವ ಫೋಲ್ಡರ್ ಒಂದೇ. ಹಳೆಯ ಹೆಸರನ್ನು ಅಳಿಸಿದೆ. ನನ್ನ ಕೈಯ ಮೇಲೆ ನನಗೇ ಭರವಸೆಯಿಲ್ಲದೆ, ಬಾಮೈದನ ಹೆಸರಿನಲ್ಲೇ ಒಳಹೊಕ್ಕು ಫೋಟೋಗಳನ್ನು ತೆರೆಯಲು ನೋಡಿದೆ. 'ನಿಮಗೆ ಅನುಮತಿಯಿಲ್ಲ' ಎಂದಿತು. ಮತ್ತೊಮ್ಮೆ ನೋಡಿದೆ. ಅದೇ ಉತ್ತರ. ಹೊಸ ಹೆಸರು, ಪಾಸ್‌ವರ್ಡುಗಳನ್ನು ಅವರವರ ಫೋನಿಗೆ ಕಳಿಸಿದೆ.

ಸ್ವಲ್ಪ ಹೊತ್ತಿಗೆ ಅವನೇ ಬಂದ.

"ಏನಕ್ಕಾ, ನಿಮ್ಮ ಪೆಟ್ಟಿಗೆ ಮುನಿಸ್ಕೊಂಡಿದೆಯಾ? ಫೋಟೋನೇ ಕೊಡ್ತಿಲ್ಲ."

"ಕೊಡಲ್ಲ. ನಾನೇ ತಡೆದಿದೀನಿ."

"ಅಯ್ಯೋ, ಕಣ್ಣು ಮುಚ್ಚಿದೀನಲ್ಲ. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಯ್ತಲ್ಲ!"

ನನ್ನ ದನಿ ಏರಿತು. ಡಾಕ್ಟರ್ ಕೈಗವಸಿನಲ್ಲೇ ಹೊರಬಂದರು. "ತೆಗೆದುಕೊಡಮ್ಮ. ಮನೆ ಹುಡುಗ ಅವನು."

"ಇವರೆಲ್ಲ ನಿಮ್ಮನ್ನ ನಂಬಿ ಬಾಯಿ ತೆರೆದಿದ್ದು ಸಾರ್. ಇವನನ್ನಲ್ಲ."

ಅವರು ದನಿ ತಗ್ಗಿಸಿದರು. "ಆಯ್ತು, ನಿಮ್ಮ ಚಿಕ್ಕಮ್ಮಂದು ಬೇಡ. ಬೇರೆ ಯಾರದ್ದಾದ್ರೂ ಹಾಕ್ತಾನೆ. ಸರಿ ತಾನೆ?"

ಮೈ ಉರಿದುಹೋಯಿತು. ಬೇರೆಯವರು ಯಾರ ಮನೆಯ ಚಿಕ್ಕಮ್ಮನೂ ಅಲ್ಲವೇ? ಅಷ್ಟರಲ್ಲಿ, ಹಲ್ಲುಸೆಟ್ಟಿನ ಅಳತೆ ನೋಡಿಸಲು ಬಂದು ಬೆಂಚಿನ ಮೂಲೆಯಲ್ಲಿ ಕೂತಿದ್ದ ಚಿಕ್ಕಮ್ಮ ಎದ್ದು ಬಂದಳು. ಮೇಜಿನ ಮೇಲಿದ್ದ ಕರಪತ್ರವನ್ನು ನೋಡಿದಳು. ಕರವಸ್ತ್ರ ಕೆಳಗಿಳಿಯಿತು.

"ನನ್ನ ಗಂಡನಿಗೇ ತೋರಿಸದ ಬಾಯಿ ಇದು. ಊರಿಗೆಲ್ಲ ಹಂಚೋಕೆ ನೀನ್ಯಾವನಯ್ಯಾ?" ಹಲ್ಲಿಲ್ಲದ ಬಾಯಲ್ಲಿ ಮಾತು ತೊದಲಿತು. ಬೆಂಚಿನಲ್ಲಿ ಯಾರೂ ನಗಲಿಲ್ಲ.

ಈ ತಡೆಗಳನ್ನೆಲ್ಲ ತೆಗೆಯಬಲ್ಲ ಪೆಟ್ಟಿಗೆಯ ಮುಖ್ಯ ಪಾಸ್‌ವರ್ಡನ್ನು ನಾನು ಚೀಟಿಯಲ್ಲಿ ಬರೆದು ಡಾಕ್ಟರ ಮುಂದಿಟ್ಟೆ. ಬಚ್ಚಿಟ್ಟಳು ಎಂಬ ಮಾತು ನನಗೆ ಬೇಡವಾಗಿತ್ತು. "ಪೆಟ್ಟಿಗೆ ನಿಮ್ಮದು ಸಾರ್. ತೆರೆಯೋದಾದ್ರೆ ನೀವೇ ತೆರೀರಿ. ನನ್ನ ಕೈಲಿ ಆಗಲ್ಲ."

ಅವರು ಚೀಟಿಯನ್ನು ಮುಟ್ಟಲಿಲ್ಲ. "ನಿನ್ನ ಹತ್ತಿರ ನಾಳೆ ಮಾತಾಡ್ತೀನಿ" ಎಂದರು. ಆ ನಾಳೆಯ ಅರ್ಥ ನನಗೆ ತಿಳಿಯದ್ದಲ್ಲ.

ನರ್ಸ್ ಮುಂದಿನವರನ್ನು ಕರೆದಳು. ಕೆನ್ನೆ ಊದಿದ ಗಂಡಸೊಬ್ಬ ಎದ್ದವನು ಒಳಗೆ ಹೋಗದೆ ಡಾಕ್ಟರೆದುರು ನಿಂತ.

"ಡಾಕ್ಟ್ರೇ, ನಂದೂ ಫೋಟೋ ಆ ಪೆಟ್ಟಿಗೇಲಿ ಇದೆಯಾ? ಅದನ್ನ ಮೊದಲು ಹೇಳಿ. ಬಾಯಿ ಆಮೇಲೆ ತೆರೀತೀನಿ."