ಮಸಿಗಾಜಿನ ಶುಭಂ

"ಸಾಯಲ್ಲ ಕಣ್ಲಾ! ಅವ್ಳು ಸಾಯಾದೇ ಇಲ್ಲ!" ಎಂದು ಮುತ್ತುರಾಜು ಮೇಜಿಗೆ ಗುದ್ದಿದ ಏಟಿಗೆ ಮೈಕು ಕುಪ್ಪಳಿಸಿತು. ಗೌರೀಶ ಹೆಡ್‌ಫೋನ್ ಕಿತ್ತು ಕೆಳಗಿಟ್ಟು ಗೆಳೆಯನನ್ನು ದುರುಗುಟ್ಟಿ ನೋಡಿದ.

"ಮೈಕ್ ಹೋದ್ರೆ ನಿಮ್ಮಪ್ಪ ತಂದ್ಕೊಡ್ತಾರಾ?"

ಮಧುಗಿರಿ ಪೇಟೆಯಲ್ಲಿ ಗೌರೀಶನ ಫೋಟೊ ಸ್ಟುಡಿಯೊ. ಅದರ ಹಿಂದಿನ ಕೋಣೆಯ ಗೋಡೆಗೆ ಅವನ ತಾಯಿ ಹೊಲಿದ ಎರಡು ಕೌದಿಗಳನ್ನು ಮೊಳೆ ಹೊಡೆದು ನೇತುಹಾಕಿ, ಹೊರಗಿನ ಸದ್ದು ಬಾರದ ಹಾಗೆ ಮಾಡಿಕೊಂಡಿದ್ದರು. ಗುರುವಾರ ಮಧ್ಯಾಹ್ನ ಅಂಗಡಿಯ ಷಟರನ್ನು ಅರ್ಧ ಎಳೆದು ಇಬ್ಬರೂ ಸಿನಿಮಾ ಬಗ್ಗೆ ಜಗಳಕ್ಕೆ ಕೂರುತ್ತಿದ್ದರು. ಭಾನುವಾರ ಆ ಜಗಳ 'ನೆಲ-ಬೆಂಚು' ಎಂಬ ಪಾಡ್‌ಕಾಸ್ಟ್ ಆಗಿ ಹೊರಬರುತ್ತಿತ್ತು. ಟೆಂಟ್ ಸಿನಿಮಾದಲ್ಲಿ ನೆಲಕ್ಕೊಂದು ಟಿಕೆಟ್ಟು, ಬೆಂಚಿಗೊಂದು ಟಿಕೆಟ್ಟು ಇದ್ದ ಕಾಲದ ಹೆಸರು ಅದು. ಹಳೆಯ ಸಿನಿಮಾದ ವಕಾಲತ್ತು ಮುತ್ತುರಾಜನದು, ಹೊಸದರದು ಗೌರೀಶನದು. ಪ್ರೈಮರಿ ಶಾಲೆಯಿಂದ ಹೀಗೇ ಕಚ್ಚಾಡಿಕೊಂಡು ಬಂದವರಿಗೆ ನಲವತ್ತು ದಾಟಿದ ಮೇಲೆ ಕೇಳುವ ಜನ ಸಿಕ್ಕಿದ್ದರು. ಅದೂ ಮೂರು ಸಾವಿರ ಜನ.

ಆವತ್ತಿನ ಜಗಳ 'ತೌರಿನ ಗಾಡಿ' ಎಂಬ ಹಳೆಯ ಸಿನಿಮಾದ್ದು. ಹಳೆಯದೆಲ್ಲ ಕಣ್ಣೀರ ಕೋಡಿ, ಕೊನೆಗೆ ಯಾರಾದರೂ ಸಾಯಲೇಬೇಕು ಎಂದು ಗೌರೀಶ ಹಂಗಿಸಿದ್ದ. ಮುತ್ತುರಾಜು ಬಿಟ್ಟಾನೆಯೇ? ಪಾವಗಡ ಬಸ್ಸಿನ ಕಂಡಕ್ಟರ್ ಅವನು, ಹಿಂದಿನ ಸೀಟಿಗೂ ಮುಟ್ಟುವ ಗಂಟಲು. "ಕೇಳಿಸ್ಕೊ. ಗಂಡನ ಮನೇಲಿ ನೊಂದ ತಂಗಿ ಗಾಡಿ ಹತ್ತಿ ತೌರಿಗೆ ಹೊಂಟವ್ಳೆ. ದೂರದಾಗೆ ಗಾಡಿ ಕಾಣ್ತದೆ. ಅಣ್ಣ ಎದ್ದೂಬಿದ್ದೂ ಓಡ್ತಾನೆ. ಅಷ್ಟೆ, ಶುಭಂ. ಮಿಕ್ಕಿದ್ದು ನೀನೇ ತಿಳ್ಕೊ ಅಂತ ಬುಟ್ಬುಡ್ತಾರೆ. ನಿಮ್ಮ ಹೊಸ ಡೈರೆಕ್ಟ್ರು ಇವತ್ತು ಮಾಡಾದ್ನ ಅವ್ರು ಅವತ್ತೇ ಮಾಡವ್ರೆ. ನಾನು ಕಣ್ಣಾರೆ ನೋಡಿವ್ನಿ."

ಗೌರೀಶ ಆ ಸಿನಿಮಾ ನೋಡಿರಲಿಲ್ಲ, ಸೋಲೊಪ್ಪಿಕೊಂಡ. ನಿಜ ಹೇಳಬೇಕೆಂದರೆ ಮುತ್ತುರಾಜನೂ ನೋಡಿರಲಿಲ್ಲ. ಅವನ ಅವ್ವ ನರಸಿಂಹಮ್ಮ ಅನ್ನ ಕಲಸಿ ಕೈತುತ್ತು ಹಾಕುವಾಗೆಲ್ಲ ಆ ಕತೆ ಹೇಳಿ ಹೇಳಿ, ತಾನೇ ನೋಡಿದ್ದೇನೆಂದು ಅವನು ಎಂದೋ ನಂಬಿಬಿಟ್ಟಿದ್ದ.

ಭಾನುವಾರ ಸಂಜೆಯೊಳಗೆ ಕಾಮೆಂಟುಗಳು ಬಂದು ಬಿದ್ದವು. ತಂಗಿ ಗಾಡಿಯಿಂದ ಇಳಿಯುವುದೇ ಇಲ್ಲ, ಅಣ್ಣನ ತೊಡೆಯ ಮೇಲೆ ಪ್ರಾಣ ಬಿಡುತ್ತಾಳೆ, ಇಡೀ ಸಿನಿಮಾ ಯೂಟ್ಯೂಬಿನಲ್ಲಿದೆ, ನೋಡಿ ಮಾತಾಡಿ ಎಂದು ಸಿರಾದವರು, ತುಮಕೂರಿನವರು ಜಾಡಿಸಿದ್ದರು. 'ಕಂಡಕ್ಟರ್ ಸಾಹೇಬ್ರು ಲಾಸ್ಟ್ ಸ್ಟಾಪ್‌ಗೆ ಮುಂಚೇನೆ ಇಳ್ಕೊಂಡವ್ರೆ' ಎಂದು ಯಾರೋ ಬರೆದದ್ದಕ್ಕೆ ಇನ್ನೂರು ಜನ ನಕ್ಕಿದ್ದರು. ಸೋಮವಾರ ಬಸ್ಸಿನಲ್ಲೂ ಅದೇ. "ಟಿಕೆಟ್ ಪಾವಗಡದ ತನಕ ಕೊಡು ಮುತ್ತಣ್ಣ, ಅರ್ಧಕ್ಕೆ ಶುಭಂ ಅನ್ಬ್ಯಾಡ" ಎಂದು ಕಡಲೆಕಾಯಿ ವ್ಯಾಪಾರದ ಬೈರಪ್ಪ ಹೇಳಿದಾಗ ಇಡೀ ಬಸ್ಸು ನಕ್ಕಿತು. ಮುತ್ತುರಾಜು ಟಿಕೆಟ್ ಹರಿದುಕೊಟ್ಟು ತಲೆ ತಗ್ಗಿಸಿ ಮುಂದಿನ ಸೀಟಿಗೆ ಸರಿದ.

ಗೌರೀಶ ಮಾತ್ರ ನಗಲಿಲ್ಲ. ಕಾಮೆಂಟುಗಳನ್ನೆಲ್ಲ ಓದಿ ಫೋನ್ ಮಾಡಿದ. "ಲೇ ಮುತ್ತ, ನಿನ್ ಪರವಾಗಿ ಹನ್ನೊಂದು ಜನ ಬರ್ದವ್ರೆ. ಹನ್ನೊಂದು ಜನಾನೂ ವಯಸ್ಸಾದವ್ರು, ಹನ್ನೊಂದು ಜನಾನೂ ನಿಮ್ಮೂರು ದೊಡ್ಡೇರಿ ಕಡೆಯವ್ರು. ಅಲ್ಲಿ ಟೆಂಟ್‌ನಾಗೆ ಆಪರೇಟರ್ ಆಗಿದ್ದೋರು ಯಾರು?"

ಆಪರೇಟರ್ ಆಗಿದ್ದವನು ಮುತ್ತುರಾಜನ ಅಪ್ಪ ಅಂಜನಪ್ಪ.

ಮಾರನೆಯ ದಿನ ದೊಡ್ಡೇರಿಯ ಮನೆಗೆ ಹೋದಾಗ ಅಂಜನಪ್ಪ ಹಿತ್ತಲಲ್ಲಿ ಸೀಬೆಗಿಡಕ್ಕೆ ಪಾತಿ ಮಾಡುತ್ತಿದ್ದ. ಮಗ ವಿಷಯ ಹೇಳಿದ್ದೇ ತಡ, ಗುದ್ದಲಿ ಕೆಳಗಿಟ್ಟು, ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದ.

"ಕೊನೇ ರೀಲು ನಾನು ಬುಡ್ಲಿಲ್ಲ."

"ಯಾಕಪ್ಪ?"

"ಪೆಟ್ಟಿಗೆ ಗುರುವಾರ ಬಸ್ನಾಗೆ ಬಂತು. ರೀಲು ಹರ್ದೈತಾ ನೋಡಾನ ಅಂತ ಮಧ್ಯಾಹ್ನ ಒಬ್ನೇ ಓಡಿಸ್ದೆ. ನಮ್ಗೆ ಆಗ ಮದ್ವೆಯಾಗಿ ಆರು ತಿಂಗ್ಳು. ನಿಮ್ಮವ್ವನ ಅಕ್ಕ ಬಾಣಂತನಕ್ಕೆ ಅಂತ ಕೊಳಾಲದಿಂದ ತೌರಿಗೆ ಬರ್ತಾ ದಾರೀಲೇ ತೀರ್ಕೊಂಡು ಇನ್ನೂ ಮೂರು ತಿಂಗ್ಳಾಗಿರ್ಲಿಲ್ಲ. ಅದೂ ಗಾಡೀನಾಗೇ ಕಣ್ಲಾ. ಇವ್ಳು ಊಟ ಬುಟ್ಟು ಕಡ್ಡಿ ಆಗಿದ್ಲು. ನಾಳೆ ಪಿಚ್ಚರ್ ನೋಡಕ್ಕೆ ಬತ್ತೀನಿ ಅಂತ ಅವತ್ತೇ ಮೊದ್ಲು ಬಾಯ್ಬುಟ್ಟಿದ್ಲು. ಬರ್ಬ್ಯಾಡ ಅಂತ ಹೆಂಗೆ ಹೇಳ್ಲಿ?"

ಗಾಡಿ ಕಾಣುವುದೂ ಅಣ್ಣ ಓಡುವುದೂ ಹದಿನೈದನೆಯ ರೀಲಿನ ಕೊನೆ. ಹದಿನಾರನೆಯದನ್ನು ಅಂಜನಪ್ಪ ಪೆಟ್ಟಿಗೆಯಲ್ಲೇ ಮಡಗಿದ. ಆದರೆ 'ಶುಭಂ' ಇದ್ದದ್ದು ಅದರಲ್ಲಿ. ಶುಭಂ ಬಾರದೆ ಜನ ಏಳುತ್ತಾರೆಯೇ? ಜಾಹೀರಾತು ತೋರಿಸುವ ಗಾಜಿನ ತುಂಡೊಂದಕ್ಕೆ ಬುಡ್ಡಿದೀಪದ ಮಸಿ ಹಿಡಿದು, ಕಡ್ಡಿಯಲ್ಲಿ ತಾನೇ ಗೀಚಿ, ಪರದೆಗೆ ಬಿಟ್ಟ. ಟೆಂಟಿನ ಮಾಲೀಕ ಮಹಾಲಿಂಗಯ್ಯನಿಗೆ ಆಟ ಹತ್ತು ನಿಮಿಷ ಮುಂಚೆ ಮುಗಿದದ್ದೇ ಲಾಭ. ಮೂರು ವಾರ ಓಡಿತು. ನರಸಿಂಹಮ್ಮ ಏಳು ಸಲ ನೋಡಿದಳು.

"ಮೊದಲ್ನೇ ದಿನ ಮನೆಗೆ ಬಂದು ಎರಡು ಮುದ್ದೆ ಉಂಡ್ಲು. ಅಷ್ಟು ಸಾಕಾಗಿತ್ತು ನಂಗೆ" ಎಂದ ಅಂಜನಪ್ಪ. "ಈಗ ನೀನು ಮೈಕ್‌ನಾಗೆ ಹೇಳ್ಬ್ಯಾಡ ಕಣ್ಲಾ. ಪ್ರತಿ ವಾರ ಕೇಳ್ತಾಳೆ ಅವ್ಳು. ಆ ತಂಗಿ ಇನ್ನೂ ಬದುಕವ್ಳೆ ಅಂತ್ಲೇ ತಿಳ್ಕೊಂಡವ್ಳೆ."

ಗುರುವಾರ ಸ್ಟುಡಿಯೊದಲ್ಲಿ ಇದನ್ನು ಕೇಳಿದ ಗೌರೀಶನಿಗೆ ಕೂತಲ್ಲಿ ಕೂರಲಾಗಲಿಲ್ಲ. "ಮುತ್ತ, ಇದಕ್ಕಿಂತ ಒಳ್ಳೆ ಎಪಿಸೋಡ್ ಹುಟ್ಟೋಕೆ ಸಾಧ್ಯವಿಲ್ಲ! ನಿಮ್ಮಪ್ಪನ್ನ ಕರ್ಕೊಂಡು ಬಾ. ನಿನ್ನ ಮಾನಾನೂ ಉಳಿಯುತ್ತೆ."

"ಅವ್ವ ಕೇಳ್ತಾಳೆ."

"ಐವತ್ತು ವರ್ಷದ ಹತ್ತತ್ರ ಆಯ್ತಲ್ಲೋ."

"ಆಗ್ಲಿ. ನಮ್ಮಪ್ಪ ಇಷ್ಟು ದಿನ ಕಾಪಾಡ್ಕೊಂಡು ಬಂದಿರಾದ್ನ ನಾನು ಬಸ್ನಾಗೆ ನಗ್ತಾರೆ ಅಂತ ಒಡೀಲಾ?"

ಗೌರೀಶ ಹೆಡ್‌ಫೋನ್ ಹಾಕಿಕೊಂಡು ರೆಕಾರ್ಡಿಂಗ್ ಗುಂಡಿ ಒತ್ತಿದ. ಮುತ್ತುರಾಜು ಮೈಕಿಗೆ ಬಾಯಿಟ್ಟು, ತಾನು ಆ ಸಿನಿಮಾ ನೋಡಿಯೇ ಇಲ್ಲವೆಂದೂ, ನೋಡಿದೆನೆಂದು ಬುರುಡೆ ಬಿಟ್ಟದ್ದಕ್ಕೆ ಕ್ಷಮಿಸಬೇಕೆಂದೂ ಹೇಳಿದ. ಗಾಡಿಯ ಸುದ್ದಿ, ತಂಗಿಯ ಸುದ್ದಿ ಎತ್ತಲೇ ಇಲ್ಲ. ಹಳೆಯ ಸಿನಿಮಾದ ಸೋಲೆಂದು ಎಗರಿ ಬೀಳಬೇಕಿದ್ದ ಗೌರೀಶ, "ನಾನೂ ನೋಡಿಲ್ಲ ಬಿಡಿ, ಇಬ್ರೂ ಕಳ್ಳರೇ" ಎಂದು ಅವನ ಪಕ್ಕ ನಿಂತ. ಮುತ್ತುರಾಜನಿಗೆ ಅವನನ್ನು ತಬ್ಬಿಕೊಳ್ಳಬೇಕೆನಿಸಿತು. ಆದರೆ ಮೇಜಿನ ಕೆಳಗೆ ಕಾಲು ತುಳಿದು ಸುಮ್ಮನಾದ.

ಭಾನುವಾರ ಅದನ್ನು ಕೇಳಿದ ನರಸಿಂಹಮ್ಮ ಮಗನಿಗೆ ಫೋನ್ ಮಾಡಿದಳು. "ನೋಡಿಲ್ಲ ಅಂತ ಊರಿಗೆಲ್ಲ ಸಾರ್ಕೊಂಡ್ಯಲ್ಲ, ಬಂದು ನೋಡು. ಗೌರೀಶಂಗೂ ಹೇಳು, ಅದೆಲ್ಲೈತೋ ತಕ್ಕಂಬರ್ಲಿ. ನಾನೂ ಇನ್ನೊಂದು ಸಲ ನೋಡ್ತೀನಿ."

ಮುತ್ತುರಾಜು ಗಾಬರಿಯಿಂದ ಗೌರೀಶನಿಗೆ ಫೋನ್ ಮಾಡಿದ. ಗೌರೀಶ ಮಾತ್ರ, "ನೀನು ಸುಮ್ನಿರು, ನಾನು ತರ್ತೀನಿ" ಎಂದ.

ಗುರುವಾರ ಮಧ್ಯಾಹ್ನ ದೊಡ್ಡೇರಿಯ ಮನೆಯ ಟೀವಿಗೆ ಗೌರೀಶ ಪೆನ್‌ಡ್ರೈವ್ ಸಿಕ್ಕಿಸಿದ. ನರಸಿಂಹಮ್ಮ ಬೇಯಿಸಿದ ಕಡಲೆಕಾಯಿಯ ತಟ್ಟೆ ಮುಂದಿಟ್ಟುಕೊಂಡು ಚಾಪೆಯ ಮೇಲೆ ಕೂತಳು, ಟೆಂಟಿನ ನೆಲದಲ್ಲಿ ಕೂತಂತೆಯೇ. ಅಂಜನಪ್ಪ ಕುರ್ಚಿಯ ತುದಿಯಲ್ಲಿ ಕೂತು ರಿಮೋಟ್ ಹಿಡಿದುಕೊಂಡಿದ್ದ. ಎರಡೂಕಾಲು ಗಂಟೆ ಕಳೆದು ದೂರದಲ್ಲಿ ಗಾಡಿ ಕಾಣಿಸಿತು. ಅಣ್ಣ ಓಡತೊಡಗಿದ. ಅಂಜನಪ್ಪ ಹೆಬ್ಬೆರಳನ್ನು ರಿಮೋಟಿನ ಗುಂಡಿಯ ಮೇಲಿಟ್ಟ. ಅವನು ಒತ್ತುವ ಮೊದಲೇ ಪರದೆ ಕಪ್ಪಾಗಿ, ನಡುವೆ ಬೆಳ್ಳಗೆ, ನೆಟ್ಟಗೆ, 'ಶುಭಂ' ಎಂದು ಬಂತು.

ಅಂಜನಪ್ಪ ಗೌರೀಶನತ್ತ ನೋಡಿದ. ಗೌರೀಶ ಕಿಟಕಿಯತ್ತ ನೋಡಿದ.

ನರಸಿಂಹಮ್ಮ ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿರಲಿಲ್ಲ. "ಅಕ್ಷರ ಚೆನ್ನಾಗಿ ಮಾಡಿದ್ದೀಯ ಕಣಪ್ಪ ಗೌರೀಶ" ಎಂದಳು. ಆಮೇಲೆ ಗಂಡನ ಕಡೆ ತಿರುಗಿ, "ಸಿರಾದ ಟಾಕೀಸ್‌ನಾಗೆ ಪೂರ್ತಿ ನೋಡ್ದಾಗ್ಲೂ ಶುಭಂ ನೆಟ್ಟಗೇ ಇತ್ತು. ಇವ್ನು ಹೊಟ್ಟೇಲಿದ್ದಾಗ ನಮ್ಮ ಸೋದರತ್ತೆ ಕರ್ಕೊಂಡೋಗಿದ್ರಲ್ಲ, ಅವಾಗ. ನಿಮ್ದು ಒಂದೇ ವಾರೆ ಇದ್ದಿದ್ದು" ಎಂದಳು.

ಅಂಜನಪ್ಪ ರಿಮೋಟನ್ನು ಪಕ್ಕಕ್ಕಿಟ್ಟು ಹೆಂಡತಿಯ ಮುಖವನ್ನೇ ನೋಡಿದ.

"ಮಸಿ ಹಿಡ್ದ ಗಾಜು ಕಣೆ," ಎಂದ. "ಕೈಗೆ ಅಂಟ್ತದೆ ಅಂತ ಅವಸ್ರದಾಗೆ ಗೀಚಿದ್ದೆ."

"ಹ್ಞೂ, ಅವತ್ತು ಮನೆಗೆ ಬಂದಾಗ ಬೆರಳೆಲ್ಲ ಕರ‍್ರಗಿತ್ತು" ಎನ್ನುತ್ತ ನರಸಿಂಹಮ್ಮ, ಸುಲಿದಿಟ್ಟ ಬೀಜಗಳನ್ನು ಅವನ ಅಂಗೈಗೆ ಸುರಿದಳು.